ಲುಂಗಿ ಹಿಡಿದು ಎಳೆದರೆ ವೋಟು ಬೀಳುತ್ತಾ? ಭಾಷಣಗಳಲ್ಲಿ ಬರೋ 'ಆ ಜನ ಇರೋದೇ ಹಾಗೆ'

ಮಾಟುಂಗಾ ಮಾಣಿ:

ಯಾವ ಚುನಾವಣೆ ಬಂದರೂ ಭಾಷಣದಲ್ಲಿ ಒಂದು ಮಾತು ತಪ್ಪದೆ ಬರುತ್ತೆ. 'ಆ ಊರಿನವರು ಸೋಮಾರಿಗಳು', 'ಈ ಜನ ಕಳ್ಳರು', 'ಅವರು ಬಂದ ಮೇಲೇ ನಮ್ಮ ಊರು ಕೆಟ್ಟಿದ್ದು'. ಗಲಾಟೆ ಆದರೆ ಮರುದಿನ 'ಬಾಯಿ ತಪ್ಪಿ ಬಂತು' ಅಂತಾರೆ. ನನಗಂತೂ ನಂಬಿಕೆ ಇಲ್ಲ. ಯಾರ ಮೇಲೆ ಹೇಳಬೇಕು, ಯಾರ ಮೇಲೆ ಹೇಳಬಾರದು ಅನ್ನೋದರ ಲೆಕ್ಕ ಮೊದಲೇ ಆಗಿರುತ್ತೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗೋದು ಬೇಡ. ಮುಂಬೈಯಲ್ಲಿ ಒಂದು ಕಾಲಕ್ಕೆ ಈ ಲೆಕ್ಕದಲ್ಲಿ ಸಿಕ್ಕಿಬಿದ್ದವರು ನಾವೇ, ದಕ್ಷಿಣದಿಂದ ಹೋದವರು.

1960ರ ಮೇ 1ಕ್ಕೆ ಮಹಾರಾಷ್ಟ್ರ ರಾಜ್ಯ ಆಯ್ತು. ಅದೇ ಆಗಸ್ಟ್‌ನಲ್ಲಿ ಬಾಳ ಠಾಕ್ರೆ 'ಮಾರ್ಮಿಕ್' ಅನ್ನೋ ವ್ಯಂಗ್ಯಚಿತ್ರದ ವಾರಪತ್ರಿಕೆ ಶುರು ಮಾಡಿದರು. ಅದಕ್ಕೂ ಮೊದಲು ಅವರು ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಚಿತ್ರ ಬರೀತಿದ್ದರು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಅಲ್ಲೇ ಕೆಲಸ ಮಾಡಿದವರು. ವ್ಯಂಗ್ಯಚಿತ್ರಕಾರನ ಕಸುಬೇ ನಾಲ್ಕು ಗೆರೆಯಲ್ಲಿ ಆಳನ್ನ ಗುರುತು ಹಿಡಿಸೋದು. ಲಕ್ಷ್ಮಣ್ ಆ ಗೆರೆಗಳಲ್ಲಿ ಅಧಿಕಾರದಲ್ಲಿದ್ದವರನ್ನ ಹಿಡಿದರು. ಠಾಕ್ರೆ ಅದೇ ಕೈಚಳಕವನ್ನ ಬೀದಿಗೆ ತಂದರು.

ಮಾರ್ಮಿಕ್‌ನಲ್ಲಿ ಒಂದು ಅಂಕಣ ಬರ್ತಿತ್ತು. ಕಂಪನಿಗಳಲ್ಲಿ, ಆಫೀಸುಗಳಲ್ಲಿ ಯಾರು ಯಾರು ಇದ್ದಾರೆ ಅಂತ ಬರೀ ಹೆಸರುಗಳ ಪಟ್ಟಿ. ಹೆಸರು ನೋಡಿದರೆ ಸಾಕು, ದಕ್ಷಿಣದವರು ಅಂತ ಗೊತ್ತಾಗಬೇಕು. ಅಂಕಣದ ತಲೆಬರಹ 'ವಾಚಾ ಆಣಿ ಥಂಡ್ ಬಸಾ', ಅಂದರೆ ಓದಿ, ತೆಪ್ಪಗೆ ಕೂತಿರಿ ಅಂತ ಚುಚ್ಚು. ಆಮೇಲೆ ಅದು 'ವಾಚಾ ಆಣಿ ಉಠಾ' ಆಯ್ತು. ಓದಿ, ಎದ್ದೇಳಿ. ಪತ್ರಿಕೆಯಿಂದ ಪಕ್ಷಕ್ಕೆ ಹೋದ ದಾರಿ ಪೂರ್ತಿ ಈ ಎರಡು ತಲೆಬರಹದಲ್ಲೇ ಇದೆ. 1966ರ ಜೂನ್ 19ಕ್ಕೆ ಶಿವಸೇನೆ ಹುಟ್ಟಿತು. 'ಬಜಾವ್ ಪುಂಗಿ, ಹಟಾವ್ ಲುಂಗಿ', ಅಂದರೆ ಪುಂಗಿ ಊದಿ, ಲುಂಗಿಯವರನ್ನ ಓಡಿಸಿ ಅನ್ನೋ ಘೋಷಣೆ ಆ ಕಾಲದ್ದೇ. ನಮ್ಮ ಮಾತನ್ನ ಅಣಕಿಸೋಕೆ 'ಯಂಡುಗುಂಡು' ಅಂತಿದ್ದರು. ತಮಿಳರು, ಮಲಯಾಳಿಗಳು, ತುಳುವರು, ಕನ್ನಡಿಗರು ಎಲ್ಲರೂ ಅದರೊಳಗೇ.

ಈಗ ಲೆಕ್ಕ ನೋಡಿ. 1961ರ ಜನಗಣತಿ ಪ್ರಕಾರ ಮುಂಬೈಯಲ್ಲಿ ಮರಾಠಿ ಮಾತಾಡೋರು ಶೇ. 43ರ ಆಸುಪಾಸು. ದಕ್ಷಿಣದ ಭಾಷೆಯವರೆಲ್ಲ ಸೇರಿದರೂ ಶೇ. 10 ಆಗ್ತಿರಲಿಲ್ಲ. ಮಿಲ್ಲು, ಮಾರುಕಟ್ಟೆ, ದೊಡ್ಡ ವ್ಯಾಪಾರದ ದುಡ್ಡು ನಮ್ಮ ಕೈಲಿ ಇರಲೇ ಇಲ್ಲ. ಅದು ಹೆಚ್ಚಾಗಿ ಗುಜರಾತಿ, ಮಾರವಾಡಿ, ಪಾರ್ಸಿ ಮನೆತನಗಳ ಕೈಲಿತ್ತು. ಹಾಗಾದರೆ ಘೋಷಣೆ ಲುಂಗಿ ಮೇಲೆ ಯಾಕೆ ಬಂತು?

ನನಗೆ ಕಾಣೋದು ಇಷ್ಟು. ಮಿಲ್ ಮಾಲೀಕನ ಕುರ್ಚಿ ಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನ ಕಣ್ಣೇ ಇಲ್ಲ. ಅವನಿಗೆ ಬೇಕಿದ್ದು ಟೈಪಿಸ್ಟ್ ಕುರ್ಚಿ. ಅಲ್ಲಿ ಕೂತಿದ್ದವನು ಇಂಗ್ಲಿಷ್, ಶಾರ್ಟ್‌ಹ್ಯಾಂಡ್ ಕಲಿತು ಬಂದ ದಕ್ಷಿಣದವನು. ಜೊತೆಗೆ ಬೀದಿ ಬೀದಿಗೆ ಉಡುಪಿ ಹೋಟೆಲು. ಬೋರ್ಡ್ ಇದೆ, ಗಾಜಿನ ಕಪಾಟಿದೆ, ಕಲ್ಲಿಗೆ ಸಿಗುತ್ತೆ. ಮಾಲೀಕನ ಬಂಗಲೆಗೆ ಕಲ್ಲು ಎಸೆದರೆ ಬೀಳೋದು ಕಾಂಪೌಂಡ್ ಒಳಗೆ ಮಾತ್ರ. ಅದೂ ಅಲ್ಲದೆ ನಾಳೆ ದೇಣಿಗೆ ಕೊಡೋನೂ ಅವನೇ.

ನಮ್ಮ ದೊಡ್ಡಪ್ಪ ಪರೇಲ್ ಕಡೆ ಒಂದು ಹೋಟೆಲಲ್ಲಿ ಗಲ್ಲಾದಲ್ಲಿ ಕೂರ್ತಿದ್ದರು. ಗಲಾಟೆ ಅಂತ ಸುದ್ದಿ ಬಂದರೆ ಮೊದಲು ಬೋರ್ಡಿಗೆ ಗೋಣಿಚೀಲ ಕಟ್ಟೋದಂತೆ. ಆಮೇಲೆ ಕಪಾಟಿನ ತಿಂಡಿ ಒಳಗೆ. ಆಮೇಲೆ ಶಟರ್ ಅರ್ಧಕ್ಕೆ. ಪೂರ್ತಿ ಎಳೆದರೆ ಒಳಗೆ ಇರೋ ಗಿರಾಕಿ ಹೆದರ್ತಾರಲ್ಲ! ಆ ಗಿರಾಕಿಗಳಲ್ಲಿ ಮುಕ್ಕಾಲು ಮಂದಿ ಮರಾಠಿಯವರೇ. 'ಕೆಲಸ ಕಿತ್ಕೊಂಡ ದಕ್ಷಿಣದವರು' ಅಂದರೆ ಯಾರು? ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ಅದೇ ಟೇಬಲ್ ಮೇಲೆ ಮಲಗ್ತಿದ್ದ ಹುಡುಗರೂ ಆ ಪಟ್ಟಿಯಲ್ಲೇ ಬರ್ತಿದ್ದರು.

ಹೇಳಿ, ನಿಮ್ಮ ಕಡೆ ಇದು ಹೇಗೆ ನಡೆಯುತ್ತೆ?

ಲೆಕ್ಕಿಗ:

ಮಾಣಿಯವರೆ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಕಡೆ ವಾಲಿದೆ. ಆಗಿನ ಮರಾಠಿ ಹುಡುಗರ ನಿರುದ್ಯೋಗ ಸುಳ್ಳೇನೂ ಆಗಿರಲಿಲ್ಲ. ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ತಮಗೆ ಕೆಲಸ ಇಲ್ಲ ಅನ್ನೋದು ನಿಜವಾದ ನೋವು. ನಾವೂ ಅದನ್ನೇ ಕೇಳಲಿಲ್ವಾ? 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ಆಯ್ತು. 58 ಶಿಫಾರಸು ಬಂತು, ಕನ್ನಡಿಗರಿಗೆ ಕೆಲಸ ಕೊಡಿ ಅಂತ. ಇವತ್ತಿಗೂ ಅದು ಜಾರಿಯಾಗಲಿ ಅಂತ ನಾನೇ ಸಹಿ ಹಾಕ್ತೀನಿ. ಹಾಗಾದರೆ ನಾನೂ ಠಾಕ್ರೆ ಸಾಲಿಗೆ ಸೇರ್ತೀನಾ?

ಮಾಟುಂಗಾ ಮಾಣಿ:

ಇಲ್ಲ ಮಾರಾಯ್ರೆ. ಅಲ್ಲೇ ಇರೋದು ವ್ಯತ್ಯಾಸ. ಮಹಿಷಿ ವರದಿ ಮಾತಾಡೋದು ಸರ್ಕಾರದ ಜೊತೆ, ಕಂಪನಿ ಜೊತೆ. ಇಂಥ ಹುದ್ದೆಗೆ ಇಷ್ಟು ಪಾಲು ಸ್ಥಳೀಯರನ್ನ ತಗೊಳ್ಳಿ ಅಂತ. ಅದಕ್ಕೆ ಹೌದು ಅನ್ನಬಹುದು, ಇಲ್ಲ ಅನ್ನಬಹುದು, ಕೋರ್ಟಿಗೆ ಹೋಗಬಹುದು, ಅಂಕಿ ಅಂಶ ಕೇಳಬಹುದು. 'ಹಟಾವ್ ಲುಂಗಿ' ಅಂದರೆ ಏನು ಉತ್ತರ ಕೊಡ್ತೀರಿ? ಪ್ಯಾಂಟ್ ಹಾಕ್ಕೊಂಡು ಬರ್ತೀರಾ?

ನೋವು ನಿಜಾನೇ. ಆದರೆ ಕೆಲಸ ಯಾರು ಕೊಡಬೇಕಿತ್ತೋ ಅವರ ಹೆಸರು ಆ ಘೋಷಣೆಯಲ್ಲಿ ಎಲ್ಲೂ ಇಲ್ಲ.

ಬೂತ್ ಏಜೆಂಟ್:

ನಾನು ದಾವಣಗೆರೆ ಕಡೆಯವನು. ಯಾವ ಪಕ್ಷ ಅಂತ ಕೇಳಬೇಡಿ. ಎರಡು ಪಕ್ಷದಲ್ಲೂ ಕೂತೆದ್ದು ಬಂದಿದ್ದೀನಿ.

ಓದಿದವರು ಒಂದು ತಪ್ಪು ತಿಳ್ಕೊಂಡಿರ್ತಾರೆ. ಇಂಥ ಮಾತು ಎದುರಾಳಿ ಮತದಾರನ್ನ ಈ ಕಡೆ ಎಳೆಯೋಕೆ ಅಂತ. ಅಲ್ಲ ಸ್ವಾಮಿ. ಆ ಕಡೆಯವನು ಬರೋದಿಲ್ಲ ಅಂತ ಎಲ್ಲರಿಗೂ ಗೊತ್ತು. ನಮ್ಮ ತಲೆನೋವು ನಮ್ಮವರದ್ದೇ. ಬಿಸಿಲು ಅಂತಾರೆ, ಮದುವೆ ಇದೆ ಅಂತಾರೆ, 'ಯಾರು ಗೆದ್ರೆ ನಮಗೇನು' ಅಂತಾರೆ. ಮಧ್ಯಾಹ್ನ 2 ಗಂಟೆಗೆ ಪಟ್ಟಿ ಹಿಡ್ಕೊಂಡು ನೋಡಿದರೆ ನಮ್ಮ ಬೀದಿಯ ಅರ್ಧ ಹೆಸರಿಗೆ ಇನ್ನೂ ಗುರುತು ಬಿದ್ದಿರೋದಿಲ್ಲ. ಅವರನ್ನ ಮಂಚದಿಂದ ಎಬ್ಬಿಸೋಕೆ ರಸ್ತೆ, ಚರಂಡಿ ಸಾಲೋದಿಲ್ಲ. 'ಆ ಬೀದಿಯವರು ಬೆಳಿಗ್ಗೆ 7ಕ್ಕೇ ಸಾಲು ನಿಂತಿದ್ದಾರೆ, ನೀವು ಇಲ್ಲಿ ಕೂತಿದ್ದೀರಿ' ಅಂದರೆ ಚಪ್ಪಲಿ ಹಾಕ್ಕೊಳ್ತಾರೆ. 'ಆ ಬೀದಿಯವರು' ಅಂದರೆ ಯಾರು ಅಂತ ವಿವರಿಸೋದೇ ಬೇಡ. ಅದನ್ನ ಒಂದು ತಿಂಗಳಿಂದ ವೇದಿಕೆ ಮೇಲೆ ವಿವರಿಸಿ ಆಗಿರುತ್ತೆ.

ವೇದಿಕೆ ಮೇಲೂ ಒಂದು ಕ್ರಮ ಇರುತ್ತೆ. ದೊಡ್ಡ ನಾಯಕರು ಬರೋಕೆ ತಡ ಆಗುತ್ತಲ್ಲ, ಆ ಹೊತ್ತಲ್ಲಿ ಮೈಕ್ ಸಿಗೋದು ತಾಲ್ಲೂಕು ಮಟ್ಟದ ಮಾತುಗಾರನಿಗೆ. ಅಡ್ಡ ಮಾತು, ಜಾತಿ ಜೋಕು, ಅಣಕು ಎಲ್ಲ ಅವನ ಪಾಲಿಗೆ. ಜನ ಬಿಸಿ ಆಗಿರ್ತಾರೆ. ಆಮೇಲೆ ದೊಡ್ಡವರು ಬಂದು ನೀರಾವರಿ, ಅಭಿವೃದ್ಧಿ ಮಾತಾಡಿ ಹೋಗ್ತಾರೆ. ಟಿವಿಯಲ್ಲಿ ಬರೋದು ನೀರಾವರಿ.

ದೊಡ್ಡವರೇ ಹೇಳಬೇಕಾದರೆ ಅರ್ಧ ಹೇಳಿ ನಿಲ್ಲಿಸ್ತಾರೆ. 'ನಿಮ್ಮ ಜಮೀನು ಯಾರ ಕಣ್ಣಿಗೆ ಬಿದ್ದಿದೆ... ನಾನು ಹೇಳೋದು ಬೇಡ, ನಿಮಗೇ ಗೊತ್ತು.' ಒಂದು ಕ್ಷಣ ಸುಮ್ಮನಾಗ್ತಾರೆ. ಹಿಂದಿನ ಸಾಲಿಂದ ಒಬ್ಬ ಹೆಸರು ಕೂಗ್ತಾನೆ. ಎಲ್ಲರೂ ಶಿಳ್ಳೆ ಹೊಡೀತಾರೆ. ಅವರು ನಕ್ಕು ಮುಂದಿನ ವಿಷಯಕ್ಕೆ ಹೋಗ್ತಾರೆ. ಈಗ ವಿಡಿಯೋ ನೋಡಿ, ನಾಯಕರ ಬಾಯಲ್ಲಿ ಆ ಹೆಸರು ಬಂದೇ ಇಲ್ಲ. ಹಿಂದಿನ ಸಾಲಲ್ಲಿ ಕೂಗಿದವನೂ ಎಷ್ಟೋ ಸಲ ನಮ್ಮವನೇ ಆಗಿರ್ತಾನೆ ಅನ್ನೋದು ಬೇರೆ ಮಾತು.

ಮಾಟುಂಗಾ ಮಾಣಿ:

ಏಜೆಂಟರೆ, ಆ ಅರ್ಧ ವಾಕ್ಯದ ವಿಷಯ ಅದ್ಭುತವಾಗಿ ಹೇಳಿದ್ರಿ. ಕೇಳೋನೇ ಮಾತು ಪೂರ್ತಿ ಮಾಡಿದರೆ ಅದು ಅವನ ಸ್ವಂತ ಅಭಿಪ್ರಾಯ ಆಗಿಬಿಡುತ್ತೆ, ಅಲ್ವಾ?

ಓಹಾಯೊ ವಾಸಿ:

ಇಲ್ಲಿ ಅಮೆರಿಕದ್ದೂ ಹೇಳ್ತೀನಿ. 1976ರಲ್ಲಿ, ಆಮೇಲೆ ಅಧ್ಯಕ್ಷರಾದ ರೇಗನ್ ತಮ್ಮ ಪಕ್ಷದ ಟಿಕೆಟ್‌ಗೆ ಓಡಾಡ್ತಿದ್ದಾಗ ಊರೂರಲ್ಲಿ ಷಿಕಾಗೋದ ಒಬ್ಬ ಹೆಂಗಸಿನ ಕಥೆ ಹೇಳ್ತಿದ್ದರು. 80 ಹೆಸರು, 30 ವಿಳಾಸ ಇಟ್ಕೊಂಡು ಸರ್ಕಾರದ ಸಹಾಯಧನ ಬಾಚ್ತಾಳೆ, ತೆರಿಗೆ ಇಲ್ಲದ ಆದಾಯ ವರ್ಷಕ್ಕೆ 1,50,000 ಡಾಲರ್ ಅಂತ. ಹೆಸರು ಹೇಳಲಿಲ್ಲ. ಬಣ್ಣವನ್ನಂತೂ ಹೇಳಲೇ ಇಲ್ಲ. ಏಜೆಂಟರು ಹೇಳಿದ ಹಾಗೆ ಅದನ್ನ ಜನರೇ ತುಂಬಿಕೊಂಡರು.

ಆ ಹೆಂಗಸು ಕಟ್ಟುಕಥೆ ಅಲ್ಲ. ಲಿಂಡಾ ಟೇಲರ್ ಅಂತ, ನಿಜಕ್ಕೂ ದೊಡ್ಡ ವಂಚಕಿ. ಆದರೆ ಕೋರ್ಟಿಗೆ ಕೊನೆಗೆ ಹೋದ ಆರೋಪ 4 ಸುಳ್ಳು ಹೆಸರು, ಸುಮಾರು 8,000 ಡಾಲರ್‌ದ್ದು. 1977ರಲ್ಲಿ ಶಿಕ್ಷೆ ಆಯ್ತು. ಅಷ್ಟು ಹೊತ್ತಿಗೆ ಕಥೆ ಅವಳನ್ನ ಬಿಟ್ಟು ಮುಂದೆ ಹೋಗಿತ್ತು. ಸಹಾಯಧನ ತಗೊಳ್ಳೋ ಕಪ್ಪು ತಾಯಂದಿರೆಲ್ಲ ಹೀಗೇ ಅನ್ನೋ ಚಿತ್ರ ಉಳೀತು. ಪೂರ್ತಿ ಸುಳ್ಳಾದರೆ ಯಾರಾದರೂ ಹಿಡಿದು ಕೇಳ್ತಾರೆ. ಒಂದು ನಿಜವಾದ ಕೇಸ್ ಕೈಲಿದ್ದರೆ ಯಾರೂ ಕೇಳೋದಿಲ್ಲ.

ಕಟ್ಟುಕಥೆಯಿಂದಲೂ ಕೆಲಸ ಆಗುತ್ತೆ ಅನ್ನಿ. 2024ರ ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಟ್ರಂಪ್ ನಮ್ಮ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸೆ ಬಂದವರು ಜನರ ನಾಯಿ, ಬೆಕ್ಕು ತಿಂತಿದ್ದಾರೆ ಅಂದರು. ಹೇಟಿ ದೇಶದಿಂದ ಬಂದು ಅಲ್ಲಿ ಕಾರ್ಖಾನೆಗಳಲ್ಲಿ ದುಡಿಯೋ ಜನರ ಮೇಲಿನ ಮಾತದು. ಅಂಥ ಘಟನೆಗೆ ಯಾವ ಆಧಾರವೂ ಇಲ್ಲ ಅಂತ ಊರಿನ ಅಧಿಕಾರಿಗಳೇ ಹೇಳಿದರು. ಆದರೂ ಮುಂದಿನ ದಿನಗಳಲ್ಲಿ ಅಲ್ಲಿನ ಶಾಲೆ, ಕಚೇರಿಗಳಿಗೆ 30ಕ್ಕೂ ಹೆಚ್ಚು ಬಾಂಬ್ ಬೆದರಿಕೆ. ಮಕ್ಕಳನ್ನ ಶಾಲೆಯಿಂದ ಹೊರಗೆ ಕಳಿಸಬೇಕಾಯ್ತು.

ಒಂದು ಕಹಿ ಮಾತು. ಆಗ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಲ್ಲಿ ನಾಯಿ-ಬೆಕ್ಕಿನ ಜೋಕು ಬೇಕಾದಷ್ಟು ಓಡಾಡ್ತು. ಡಿಸೆಂಬರ್‌ನಲ್ಲಿ ಶ್ರೀರಾಮ್ ಕೃಷ್ಣನ್ ಅವರನ್ನ ಎಐ ಸಲಹೆಗಾರ ಅಂತ ಟ್ರಂಪ್ ಹೆಸರಿಸಿದ ಮೇಲೆ ಎಚ್-1ಬಿ ವೀಸಾ ಗಲಾಟೆ ಎದ್ದಿತಲ್ಲ, ಆಗ ಅದೇ ಟ್ರಂಪ್ ಬೆಂಬಲಿಗರ ಬಳಗದವರು ಭಾರತೀಯರ ಬಗ್ಗೆ ಏನೇನು ಬರೆದರು ಅಂತ ನೋಡಿದೆವು. ಗುಂಪಲ್ಲಿ ಜೋಕು ನಿಂತಿತು.

ನೇರನುಡಿ:

ಶಿವಸೇನೆ, ರೇಗನ್, ಟ್ರಂಪ್. ಎಲ್ಲ ಒಂದೇ ಕಡೆಯವರೇ ಸಿಕ್ಕಿದ್ರಾ ನಿಮಗೆ? ಉಳಿದವರೆಲ್ಲ ಗಾಂಧಿ ಮೊಮ್ಮಕ್ಕಳಾ?

ಮಾಟುಂಗಾ ಮಾಣಿ:

ಸರಿಯಾದ ಪ್ರಶ್ನೆ. 2022ರ ಫೆಬ್ರವರಿಯಲ್ಲಿ ಪಂಜಾಬಿನ ಕಾಂಗ್ರೆಸ್ ಮುಖ್ಯಮಂತ್ರಿ ಚನ್ನಿ ಪ್ರಚಾರದಲ್ಲಿ ಏನಂದರು? ಯುಪಿ, ಬಿಹಾರದ ಭೈಯಾಗಳನ್ನ ಪಂಜಾಬಿನೊಳಗೆ ಬಿಡಬೇಡಿ ಅಂತ. ಪಕ್ಕದಲ್ಲೇ ಪ್ರಿಯಾಂಕಾ ಗಾಂಧಿ ಚಪ್ಪಾಳೆ ತಟ್ತಿದ್ದರು. ಆಮೇಲೆ, ನಾನು ಹೇಳಿದ್ದು ಆಮ್ ಆದ್ಮಿ ನಾಯಕರ ಬಗ್ಗೆ ಅಂತ ಸಮಜಾಯಿಷಿ. ಫಲಿತಾಂಶ ಬಂದಾಗ ಕಾಂಗ್ರೆಸ್‌ಗೆ 117ರಲ್ಲಿ 18. ಚನ್ನಿ ನಿಂತ ಎರಡೂ ಕ್ಷೇತ್ರದಲ್ಲಿ ಸೋತರು. ಲೂಧಿಯಾನದ ಕಾರ್ಖಾನೆ, ಅಲ್ಲಿನ ಹೊಲ ಎರಡೂ ಅದೇ ಭೈಯಾಗಳ ಕೈಲಿ ನಡೀತಿದೆ, ಅವರಲ್ಲಿ ಎಷ್ಟೋ ಜನರಿಗೆ ಅಲ್ಲೇ ವೋಟಿದೆ. ಲೆಕ್ಕ ಹಾಕದೆ ಆಡಿದ ಮಾತು ಅದು!

2024ರಲ್ಲಿ ಒಡಿಶಾದಲ್ಲಿ ಬಿಜೆಪಿ, ಬಿಜೆಡಿ ಮುಖ್ಯಮಂತ್ರಿ ನವೀನ್ ಪಟ್ನಾಯಕರ ಆಪ್ತ ವಿ.ಕೆ. ಪಾಂಡಿಯನ್ ತಮಿಳರು ಅನ್ನೋದನ್ನೇ ಪ್ರಚಾರದ ವಿಷಯ ಮಾಡಿತು. ಪುರಿ ಜಗನ್ನಾಥ ದೇವಸ್ಥಾನದ ರತ್ನಭಂಡಾರದ ಕೀಲಿಕೈ ತಮಿಳುನಾಡಿಗೆ ಹೋಗಿದೆ ಅಂತ ಜನ ಮಾತಾಡ್ತಾರೆ ಅಂದರು ಪ್ರಧಾನಿ. ಇದು ಕೆಲಸ ಮಾಡ್ತು. 24 ವರ್ಷದ ಬಿಜೆಡಿ ಸರ್ಕಾರ ಬಿತ್ತು. ಅದೊಂದರಿಂದಲೇ ಬಿತ್ತು ಅನ್ನಲಾರೆ. ಆದರೆ ಒಡಿಶಾದಲ್ಲಿ ತಮಿಳರ ವೋಟು ಎಷ್ಟಿದೆ? ಕಳ್ಕೊಳ್ಳೋಕೆ ಏನೂ ಇರಲಿಲ್ಲ.

ಲೆಕ್ಕಿಗ:

ನಮ್ಮ ಊರಿನದ್ದನ್ನ ಬಿಡಬೇಡಿ. 2024ರ ಮಾರ್ಚ್‌ನಲ್ಲಿ ಶೋಭಾ ಕರಂದ್ಲಾಜೆ, ತಮಿಳುನಾಡಲ್ಲಿ ತರಬೇತಿ ಪಡೆದು ಬಂದವರು ಇಲ್ಲಿ ಬಾಂಬ್ ಇಡ್ತಾರೆ ಅಂದಿದ್ದರು. ಅದೇ ದಿನ ತಮಿಳರ ಕ್ಷಮೆ ಕೇಳಿದರು. ಆದರೂ ಕೇಸ್ ಆಯ್ತು, ಮದ್ರಾಸ್ ಹೈಕೋರ್ಟಲ್ಲೂ ಕ್ಷಮೆ ಕೇಳಿದ ಮೇಲೆ ಮುಗೀತು. ಬೆಂಗಳೂರು ಉತ್ತರದಲ್ಲಿ ಗೆದ್ದರು ಕೂಡ.

ನೇರನುಡಿ:

ಹಾಗೇ ಕಾಂಗ್ರೆಸ್‌ನ ಸ್ಯಾಮ್ ಪಿತ್ರೋಡಾ ದಕ್ಷಿಣದವರು ಆಫ್ರಿಕಾದವರ ಥರ ಕಾಣ್ತಾರೆ ಅಂದಿದ್ದೂ ಸೇರಿಸಿ. ಅದೂ 2024ರದ್ದೇ.

ಮಾಟುಂಗಾ ಮಾಣಿ:

ಸೇರಿಸಿದೆ. ಆದರೆ ಅದು ಬೇರೆ ಜಾತಿಯ ಮಾತು. ಪಿತ್ರೋಡಾ ಮಾತಿಂದ ಒಬ್ಬ ಮತದಾರನೂ ಉತ್ಸಾಹದಿಂದ ಎದ್ದು ಬೂತಿಗೆ ಹೋಗಿಲ್ಲ. ಸುಮ್ನೆ ತಲೆ ಕೆಟ್ಟ ಮಾತು, ಎದುರಾಳಿಗಷ್ಟೇ ಲಾಭ. ಅವರ ಪಕ್ಷವೇ ದೂರ ಸರೀತು.

ಕರಿಕೋಟು:

ಕಾನೂನು ಏನು ಹೇಳುತ್ತೆ ಅಂತ ಯಾರೂ ಕೇಳಲಿಲ್ಲ. ನಾನೇ ಹೇಳ್ತೀನಿ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3) ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆ ಹೆಸರಲ್ಲಿ ವೋಟು ಕೇಳೋದು ಭ್ರಷ್ಟ ಆಚರಣೆ. 123(3ಎ) ಪ್ರಕಾರ ಚುನಾವಣೆಗಾಗಿ ಗುಂಪು ಗುಂಪುಗಳ ನಡುವೆ ದ್ವೇಷ ಹಬ್ಬಿಸೋದೂ ತಪ್ಪು. 2017ರ ಜನವರಿ 2ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರಲ್ಲಿ ಇನ್ನೊಂದು ಮಾತು ಹೇಳಿತು. ಅಭ್ಯರ್ಥಿಯ ಜಾತಿ, ಧರ್ಮ ಅಷ್ಟೇ ಅಲ್ಲ, ಮತದಾರನ ಜಾತಿ, ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪೇ. ಆ ಕೇಸಿನ ಮೂಲ 1990ರ ಚುನಾವಣೆ, ಕ್ಷೇತ್ರ ಮುಂಬೈಯ ಸಾಂತಾಕ್ರೂಜ್. ತೀರ್ಪು ಬರೋಕೆ ಹಿಡಿದ ಕಾಲ ನೀವೇ ಲೆಕ್ಕ ಹಾಕಿ.

ಶಿಕ್ಷೆ ಆಗೋದೇ ಇಲ್ಲ ಅಂತಲ್ಲ. 1987ರ ಮುಂಬೈಯ ವಿಲೆಪಾರ್ಲೆ ಉಪಚುನಾವಣೆಯ ಭಾಷಣಗಳಿಗಾಗಿ ಗೆದ್ದ ಅಭ್ಯರ್ಥಿಯ ಆಯ್ಕೆ ರದ್ದಾಯ್ತು. ಬಾಳ ಠಾಕ್ರೆಯವರ ಮತದಾನದ ಹಕ್ಕನ್ನೇ ಆರು ವರ್ಷ ಕಿತ್ಕೊಂಡರು. ಆದರೆ ಏಜೆಂಟರು ಹೇಳಿದ ಅರ್ಧ ವಾಕ್ಯ ಇದೆಯಲ್ಲ, ಅದನ್ನ ಯಾವ ಸೆಕ್ಷನ್‌ಗೆ ಹಾಕ್ತೀರಿ? ಸಾಕ್ಷಿಕಟ್ಟೆಯಲ್ಲಿ ಆ ಮೌನವನ್ನ ಸಾಬೀತು ಮಾಡಿ ನೋಡೋಣ.

ಗಡಿನಾಡು ಅಕ್ಕ:

ಬೆಳಗಾವಿಯಿಂದ ಬರೀತಿದ್ದೀನಿ. ನಮ್ಮ ಮನೇಲಿ ಎರಡು ಭಾಷೆ. ಅತ್ತೆ ಮರಾಠಿ, ನಾನು ಕನ್ನಡ. ಇಲ್ಲಿ ಗಡಿ ಬೆಂಕಿ ಹೊತ್ತೋದು ಡಿಸೆಂಬರ್‌ನಲ್ಲಿ ಜಾಸ್ತಿ, ಸುವರ್ಣಸೌಧದಲ್ಲಿ ಅಧಿವೇಶನ ಇರುವಾಗ. 2022ರ ಡಿಸೆಂಬರ್ 6ಕ್ಕೆ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಆ ಕಡೆ ಪುಣೆಯಲ್ಲಿ ನಮ್ಮ ಬಸ್ಸಿಗೆ ಮಸಿ. ಟಿವಿ ನೋಡಿದವರು ಬೆಳಗಾವಿ ಸುಟ್ಟುಹೋಯ್ತು ಅಂದ್ಕೊಂಡ್ರು. ನಾವು ಖಡೇಬಜಾರಿನಲ್ಲಿ ಎರಡೂ ಭಾಷೆಯಲ್ಲಿ ಚೌಕಾಸಿ ಮಾಡ್ತಾ ಇದ್ವಿ.

ಅಷ್ಟು ಬೆಂಕಿಯಾದ ಮೇಲೆ 2023ರ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನೋ ಎಂಇಎಸ್‌ಗೆ (ಮಹಾರಾಷ್ಟ್ರ ಏಕೀಕರಣ ಸಮಿತಿ) ಬಂದಿದ್ದು ಸೊನ್ನೆ. 2018ರಲ್ಲೂ ಸೊನ್ನೆ. ಮರಾಠಿ ಜನರ ವೋಟು ಮಾಯವಾಗಿಲ್ಲ. ರಾಷ್ಟ್ರೀಯ ಪಕ್ಷಗಳೇ ಮರಾಠಿ ಭಾಷಿಕರಿಗೆ ಟಿಕೆಟ್ ಕೊಡೋಕೆ ಶುರು ಮಾಡಿದವು. ಅಷ್ಟಕ್ಕೇ ಗಾಳಿ ಹೋಯ್ತು. ನಮ್ಮ ಕನ್ನಡದ ಕೆಲ ಮುಖಂಡರೂ ಏನು ಕಮ್ಮಿ ಇಲ್ಲ ಬಿಡಿ. ಮರಾಠಿ ಮಾತಾಡಿದವರೆಲ್ಲ ನಾಡದ್ರೋಹಿ ಅಂತ ಬೆಂಗಳೂರಲ್ಲಿ ನಿಂತು ಕೂಗೋದು ಸುಲಭ. ನಮ್ಮ ಅತ್ತೆ ಅದನ್ನ ಕೇಳಿಸಿಕೊಂಡೇ ನನ್ನ ಮಗಳಿಗೆ ಕನ್ನಡ ಕಾಗುಣಿತ ತಿದ್ದಿಸ್ತಾರೆ.

ಲೆಕ್ಕಿಗ:

ಅಕ್ಕಾವ್ರೆ, ಇದು ಟಿವಿಯಲ್ಲಿ ಬರೋದಿಲ್ಲ ನೋಡಿ.

ಮಾಣಿಯವರೆ, ಒಂದು ಸಂಶಯ. 1967ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್‌ನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. ಲುಂಗಿ ಘೋಷಣೆ ಅಷ್ಟು ಜೋರಾಗಿದ್ದರೆ ಅದು ಹೇಗೆ?

ಮಾಟುಂಗಾ ಮಾಣಿ:

ಅದೇ ಚುನಾವಣೆಯಲ್ಲಿ ಈಶಾನ್ಯ ಮುಂಬೈಯಲ್ಲಿ ಮಾಜಿ ರಕ್ಷಣಾ ಸಚಿವ ಕೃಷ್ಣ ಮೆನನ್ ಸೋತರು. ಅವರು ಮಲಯಾಳಿ, ಹೊರಗಿನವರು ಅಂತ ಶಿವಸೇನೆ ಅವರ ವಿರುದ್ಧ ಬೀದಿಗಿಳಿದಿತ್ತು. ಇಬ್ಬರೂ ದಕ್ಷಿಣದವರೇ. ಮೆನನ್ ಮುಂಬೈಗೆ ಇಂಗ್ಲಿಷ್ ಮಾತಾಡೋ ದೆಹಲಿ ಮನುಷ್ಯ. ಜಾರ್ಜ್ ಟ್ಯಾಕ್ಸಿಯವರ, ಪಾಲಿಕೆ ಕಾರ್ಮಿಕರ ಜೊತೆ ವರ್ಷಗಟ್ಟಲೆ ಬೀದಿಯಲ್ಲಿದ್ದವರು, ಮರಾಠಿ ನೀರು ಕುಡಿದ ಹಾಗೆ ಮಾತಾಡ್ತಿದ್ದರು. ಅವರ ಯೂನಿಯನ್ನಿನ ಕಸ ಗುಡಿಸೋನಿಗೆ 'ಇವನು ಲುಂಗಿ' ಅಂತ ಹೇಳಿದರೆ ಅಂಟೋದಿಲ್ಲ. ಕಷ್ಟಕ್ಕೆ ಬಂದವರ ಮುಖ ಅವನು ನೋಡಿದ್ದಾನಲ್ಲ.

ಹಾಗಂತ ಘೋಷಣೆ ಸೋತಿತು ಅಂತ ಅಲ್ಲ. 1968ರ ಮುಂಬೈ ಪಾಲಿಕೆ ಚುನಾವಣೆಯಲ್ಲಿ ಸೇನೆಗೆ 42 ಸ್ಥಾನ ಬಂತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿಷಯಕ್ಕೆ ಮಾಹಿಮ್‌ನಲ್ಲಿ ಮೊರಾರ್ಜಿ ದೇಸಾಯಿ ಕಾರು ತಡೆದ ಮೇಲೆ ಆದ ಗಲಭೆಯಲ್ಲಿ ಎಷ್ಟೋ ಉಡುಪಿ ಹೋಟೆಲುಗಳಿಗೆ ಬೆಂಕಿ ಬಿತ್ತು. ದೊಡ್ಡಪ್ಪನ ಗೋಣಿಚೀಲ ಆ ಸಲ ಕೆಲಸಕ್ಕೆ ಬರಲಿಲ್ಲ.

ಆಮೇಲೆ ಗುರಿ ಬದಲಾಗ್ತಾ ಹೋಯ್ತು. ಕಮ್ಯುನಿಸ್ಟರು ಬಂದರು, 80ರ ದಶಕದಲ್ಲಿ ಮುಸ್ಲಿಮರು ಬಂದರು. ಸೇನೆ ಬಿಟ್ಟ ಜಾಗಕ್ಕೆ ರಾಜ್ ಠಾಕ್ರೆ ಬಂದು 2008ರಲ್ಲಿ ಭೈಯಾಗಳ ಮೇಲೆ ಶುರು ಮಾಡಿದರು. ಟ್ಯಾಕ್ಸಿಯವರು, ರೈಲ್ವೆ ಪರೀಕ್ಷೆಗೆ ಬಂದ ಹುಡುಗರು ಪೆಟ್ಟು ತಿಂದರು. 2009ರಲ್ಲಿ ಅವರ ಪಕ್ಷಕ್ಕೆ ವಿಧಾನಸಭೆಯಲ್ಲಿ 13 ಸ್ಥಾನ. 2014ರಲ್ಲಿ 1, 2019ರಲ್ಲಿ 1, 2024ರಲ್ಲಿ ಸೊನ್ನೆ. ಮೊದಲ ಸಲ ಸಿಗೋ ಬಿಸಿ ಎರಡನೇ ಸಲ ಸಿಗೋದಿಲ್ಲ. ಅದಕ್ಕೇ ಇವರಿಗೆ ಯಾವಾಗಲೂ ಹೊಸ 'ಅವರು' ಬೇಕಾಗ್ತಾರೆ.

ನಮ್ಮ ಮೇಲಿನ ಸಿಟ್ಟು ಇಳೀತಾ? ಯಾರೂ ಕ್ಷಮೆ ಕೇಳಲಿಲ್ಲ. ಲೆಕ್ಕ ಬದಲಾಯ್ತು, ಅಷ್ಟೇ. 2019ರಲ್ಲಿ ಬಾಳ ಠಾಕ್ರೆಯವರ ಮೊಮ್ಮಗ ಆದಿತ್ಯ ಠಾಕ್ರೆ ಮುಂಬೈಯ ವರ್ಲಿಯಲ್ಲಿ ನಿಂತಾಗ ಗುಜರಾತಿಯಲ್ಲಿ 'ಕೆಮ್ ಛೋ ವರ್ಲಿ' ಅಂತ ಫಲಕ ಬಿತ್ತು. ದಕ್ಷಿಣದ ಭಾಷೆಗಳಲ್ಲೂ ಬಿತ್ತು.

ಬೂತ್ ಏಜೆಂಟ್:

ಕರಿಕೋಟು ಸಾಹೇಬರಿಗೆ ಒಂದು ಮಾತು. ಮತದಾನ ಮುಗಿಯೋ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕು ಅಂತ ನಿಮ್ಮ ಕಾನೂನು. ಮೈಕ್ ಆಫ್ ಆಗುತ್ತೆ, ನಾಯಕರು ಮನೆಗೆ ಹೋಗ್ತಾರೆ. ನಮ್ಮ ಅಸಲಿ ಕೆಲಸ ಶುರು ಆಗೋದೇ ಆಗ. ಯಾವುದೋ ಊರಿನ, ಯಾವುದೋ ವರ್ಷದ ಒಂದು ವಿಡಿಯೋ ಬರುತ್ತೆ. 'ನೋಡಿ, ಆ ಜನ ಏನು ಮಾಡ್ತಿದ್ದಾರೆ' ಅಂತ ಕೆಳಗೆ ಒಂದು ಸಾಲು. ಯಾರು ಕಳಿಸಿದ್ದು ಅಂತ ಕೇಳಿದರೆ ನಮಗೂ ಗೊತ್ತಿರೋದಿಲ್ಲ. ಬೀದಿಗೊಂದು ಗುಂಪು ಇದೆ, ಒತ್ತಿದರೆ ಹೋಯ್ತು. ನಿಮ್ಮ ಮಾವನೋ, ಚಿಕ್ಕಪ್ಪನೋ ಫಾರ್ವರ್ಡ್ ಮಾಡಿದ್ದನ್ನ ನೀವು ಕೇಸ್ ಹಾಕ್ತೀರಾ?

ಕರಿಕೋಟು:

ಚಿಕ್ಕಪ್ಪನ ಮೇಲೆ ಹಾಕೋದಿಲ್ಲ. ನಿಮ್ಮ ಬೂತ್ ಸಂಖ್ಯೆ ಹೇಳಿ.

ಬೂತ್ ಏಜೆಂಟ್:

ಹ್ಹಹ್ಹ. ನೆಟ್‌ವರ್ಕ್ ಸರಿ ಇಲ್ಲ ಸಾಹೇಬ್ರೆ, ಕೇಳಿಸ್ತಿಲ್ಲ.